ಸಾಹೇಬರ ಸೆಟ್ಟಿಂಗು

ಗಂಡನಿಗೆ 'ಸಾಹೇಬರು' ಎಂದು ಹೆಸರಿಟ್ಟವಳು ಅವಳೇ. ಕಾರು ಮನೆಗೆ ಬಂದ ದಿನ ಇಟ್ಟದ್ದು. ಅದುವರೆಗೆ ಅವರೂ ಎಲ್ಲರಂತೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಕುರ್ಚಿ ಮೇಜು ಮಾರುವ ಅಂಗಡಿಯಲ್ಲಿ ಮೇಲ್ವಿಚಾರಣೆ ಮಾಡಿ, ಸಂಜೆ ಬೆವರಿಕೊಂಡು ಮನೆ ಸೇರುತ್ತಿದ್ದ ಸಾಧಾರಣ ಮನುಷ್ಯ. ದಂತವೈದ್ಯರೊಬ್ಬರು ಬಳಸಿ ಮಾರಿದ ಹಳೆಯ ಕಾರಿನ ಕೀಲಿ ಕೈಗೆ ಬಂದದ್ದೇ ತಡ, ಕುತ್ತಿಗೆ ಒಂದಿಂಚು ಉದ್ದವಾಯಿತು, ಮಾತು ಒಂದು ಮೊಳ ಉದ್ದವಾಯಿತು. ಕಾಲು ಮಾತ್ರ ಇದ್ದಷ್ಟೇ ಇತ್ತು.

ಕಾಲಿನ ಮಾತು ಯಾಕೆ ಬಂತೆಂದರೆ, ಆ ದಂತವೈದ್ಯರು ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು. ಡ್ರೈವರ್ ಸೀಟು ಅವರ ಕಾಲಿಗೆ ತಕ್ಕ ಹಾಗೆ ಪೂರ್ತಿ ಹಿಂದಕ್ಕೆ ಸರಿದು, ಬೆನ್ನಿನ ಭಾಗ ಆರಾಮಕುರ್ಚಿಯಂತೆ ವಾಲಿತ್ತು. ಸಾಹೇಬರೋ ಹೆಂಡತಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಅವರು ಆ ಸೀಟಿನಲ್ಲಿ ಕೂತರೆ ಹೊರಗಿನವರಿಗೆ ಕಾಣುತ್ತಿದ್ದುದು ಸ್ಟೀರಿಂಗಿನ ಮೇಲೆ ಎರಡು ಕೈ, ಅದರಾಚೆ ಒಂದು ಹಣೆ. ಕೈ ನೆಟ್ಟಗೆ ಚಾಚಿ, ಕಾಲ್ಬೆರಳ ತುದಿಯಲ್ಲಿ ಬ್ರೇಕು ಮುಟ್ಟಿ, ಗದ್ದ ಎತ್ತಿಕೊಂಡು ಓಡಿಸುತ್ತಿದ್ದರು. ಮನೆಗೆ ಬಂದು ಸೊಂಟ ಹಿಡಿದುಕೊಂಡು ರಸ್ತೆಗಳನ್ನು ಬೈಯುತ್ತಿದ್ದರು.

"ಸೀಟು ಸ್ವಲ್ಪ ಮುಂದಕ್ಕೆ ಎಳ್ಕೊಂಡ್ರೆ ನಿಮ್ಮ ಕಿರೀಟ ಏನೂ ಬಿದ್ದುಹೋಗಲ್ಲ" ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

"ಇದಕ್ಕೆ ಸೆಟ್ಟಿಂಗು ಅಂತಾರೆ. ಕಾರು ಗೊತ್ತಿರೋರು ಕೂರೋದೇ ಹೀಗೆ. ನಿನಗೆ ಅರ್ಥ ಆಗಲ್ಲ ಬಿಡು."

ಅರ್ಥವಾಗದವಳು ಒಂದು ದಿನ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಳು. ಅವಳದು ಚಪ್ಪಲಿ ಅಂಗಡಿಯಲ್ಲಿ ಕೆಲಸ. ದಿನವಿಡೀ ಜನರ ಪಾದ ನೋಡಿ ಜೋಡು ತೆಗೆದು ಕೊಡುವವಳಿಗೆ, ಬೇರೆಯವರ ಅಳತೆಯಲ್ಲಿ ಕೂತು ಕಾರು ಓಡಿಸುವುದು ಮೊದಲ ದಿನವೇ ತಲೆಕೆಟ್ಟ ಕೆಲಸವಾಗಿ ಕಂಡಿತು. ಸೀಟು ಮುಂದೆ ಸರಿಸಿಕೊಂಡಳು, ಪೇಟೆಗೆ ಹೋದಳು, ತರಕಾರಿ ತಂದಳು, ಸೀಟು ಹಾಗೇ ಬಿಟ್ಟು ಒಳಗೆ ಬಂದಳು. ಅಷ್ಟೇ ಅವಳು ಮಾಡಿದ ಅಪರಾಧ.

ಆ ಸಂಜೆ ಸಾಹೇಬರು ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡರು. ವರ್ಷಗಟ್ಟಲೆ ಕಾಪಾಡಿಕೊಂಡು ಬಂದ ಸೆಟ್ಟಿಂಗು ಹಾಳಾಯಿತಂತೆ! ಇನ್ನು ಆ ಹದ ಈ ಜನ್ಮದಲ್ಲಿ ಸಿಗುವುದಿಲ್ಲವಂತೆ! ಊಟದ ತಟ್ಟೆ ಪಕ್ಕಕ್ಕೆ ತಳ್ಳಿದರು, ಮುಖ ತಿರುಗಿಸಿ ಮಲಗಿದರು. ಮರುದಿನ ಬೆಳಗ್ಗೆ ಬ್ರೇಕಿನಲ್ಲಿ ಏನೋ ಸದ್ದು ಎಂದು ಕಾರನ್ನು ಗ್ಯಾರೇಜಿಗೆ ಒಯ್ದರು. ವಾಪಸ್ಸು ಬರುವಾಗ ಸೀಟು ಹಿಂದಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಿತ್ತು, ಸಾಹೇಬರ ಮುಖ ಅರಳಿತ್ತು. ಬ್ರೇಕಿನ ಸದ್ದಿನ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ. ಮನೆಯಲ್ಲಿ ನೆಮ್ಮದಿ ಇದ್ದರೆ ಸಾಕೆಂದು ಅವಳು ಅಂದಿನಿಂದ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಓಡಿಸತೊಡಗಿದಳು. ಆ ನೆಮ್ಮದಿಗೆ ಯಾರ ಜೀವ ಒತ್ತೆ ಇಟ್ಟಿದ್ದೇನೆಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಅತ್ತೆಯನ್ನು ಕರೆತರುವ ದಿನ ಅದು ಹೊಳೆಯಿತು.

ಅತ್ತೆ ಹೊಲಿಗೆಯವರು. ಮಗಳ ಮನೆಯಲ್ಲಿ ಒಂದಷ್ಟು ಕಾಲ ಇದ್ದು ಈಗ ಮಗನ ಮನೆಗೆ ಬರುವವರಿದ್ದರು. ಜೊತೆಗೆ ಅವರ ಹೊಲಿಗೆ ಯಂತ್ರ, ಕಬ್ಬಿಣದ ಹಳೇ ಕಾಲದ ಭಾರೀ ಇಸ್ತ್ರಿ ಪೆಟ್ಟಿಗೆ, ಬಟ್ಟೆಯ ಗಂಟುಗಳು. ಸಾಹೇಬರ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಲ್ಬು ಹಾಕಲು ಅಲ್ಲಾಡುವ ಸ್ಟೂಲು ಹತ್ತಿ, "ಹಿಡ್ಕೋಬೇಕಾ?" ಎಂದು ಕೇಳಿದ ಹೆಂಡತಿಯನ್ನು ಗದರಿ, ಸ್ಟೂಲಿನ ಸಮೇತ ಕೆಳಗೆ ಬಂದಿದ್ದರು. ಹಾಗಾಗಿ ಓಡಿಸುವ ಪಾಳಿ ಅವಳದು, ಅಪ್ಪಣೆ ಕೊಡುವ ಪಾಳಿ ಅವರದು.

ನಾದಿನಿಯ ಮನೆಯ ಮುಂದೆ ಸಾಮಾನು ತುಂಬುವಾಗ ಅವಳು ಡಿಕ್ಕಿ ತೆರೆದಳು. ಒಳಗೆ ಕೈ ಇಡಲು ಜಾಗವಿರಲಿಲ್ಲ. ಕಾರಿನ ಹೊದಿಕೆ, ಪಾಲಿಶ್ ಡಬ್ಬಿಗಳು, ಬಕೆಟ್ಟು, ಯಾವತ್ತೂ ಬಿಡಿಸದ ಒಂದು ಮಡಚುವ ಕುರ್ಚಿ.

"ಇದನ್ನೆಲ್ಲ ತೆಗೆದು ಯಂತ್ರ ಇಡೋಣ್ರೀ. ಭಾರ ಕೆಳಗಿರಬೇಕು."

"ಡಿಕ್ಕಿ ಮುಟ್ಟಬೇಡ. ಎಲ್ಲ ಜೋಡಿಸಿ ಇಟ್ಟಿದೀನಿ."

ಯಂತ್ರ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತಿತು. ಅದಕ್ಕೆ ಅವಳು ಬೆಲ್ಟು ಹಾಕಲು ಹೋದರೆ ಸಾಹೇಬರು ನಕ್ಕರು. ಅದೇನು ನೆಂಟನಾ ಎಂದು ಕೇಳಿದರು. ಅವಳು ಕಿವಿಗೆ ಹಾಕಿಕೊಳ್ಳದೆ ಯಂತ್ರಕ್ಕೂ ಅತ್ತೆಗೂ ಬೆಲ್ಟು ಬಿಗಿದಳು. ಅಷ್ಟರಲ್ಲಿ ಸಾಹೇಬರು ಎಡಗೈಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ, ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ, ಹೆತ್ತ ತಾಯಿಯ ತಲೆಯ ಹಿಂದೆ, ಹೂದಾನಿ ಇಟ್ಟ ಹಾಗೆ ಇಟ್ಟಿದ್ದರು.

"ಅದನ್ನ ಅಲ್ಲಿ ಇಡಬೇಡಿ. ಬ್ರೇಕ್ ಹಾಕಿದ್ರೆ ಜಾರತ್ತೆ."

"ಜಾರಿ ಎಲ್ಲಿಗೆ ಹೋಗತ್ತೆ? ಇಸ್ತ್ರಿ ಪೆಟ್ಟಿಗೆಗೆ ಕಾಲಿದೆಯಾ?"

ತಮ್ಮ ಮಾತಿಗೆ ತಾವೇ ನಕ್ಕು ಮುಂದೆ ಬಂದು ಕೂತರು. ಅವಳು ಹಲ್ಲು ಕಚ್ಚಿಕೊಂಡಳು. ನಾದಿನಿಯ ಎದುರು ಜಗಳ ಬೇಡವೆಂದು, ಇನ್ನೊಂದು ಮಾತು ಆಡದೆ, ದಿಂಬುಗಳನ್ನು ಸರಿಮಾಡಿಕೊಂಡು ಕಾರು ತೆಗೆದಳು. ಆ ಒಂದು ಮಾತು ಆಡದೆ ಬಿಟ್ಟದ್ದಕ್ಕೆ ಅವಳು ಆಮೇಲೆ ತನ್ನನ್ನೂ ಚೆನ್ನಾಗಿಯೇ ಬೈದುಕೊಂಡಳು.

ದಾರಿಯುದ್ದಕ್ಕೂ ಸಾಹೇಬರ ಬಾಯಿಗೆ ಬಿಡುವಿರಲಿಲ್ಲ. ಗೇರು ಹೀಗಲ್ಲ, ಹಾರ್ನು ಹಾಗಲ್ಲ. ದಿಂಬು ಕೊಟ್ಟುಕೊಂಡು ಕೂರುವವರು ಕಾರಿನ ಮರ್ಯಾದೆ ತೆಗೆಯುತ್ತಾರೆ. ಹಿಂದಿನಿಂದ ಅತ್ತೆ, "ಲೋ, ಅವಳನ್ನ ಓಡಿಸೋಕೆ ಬಿಡೋ" ಎಂದು ಎರಡು ಮೂರು ಸಲ ಹೇಳಿದರು.

ಶಾಲೆಯ ಗೋಡೆ ದಾಟಿ ತಿರುವು ಬರುವಲ್ಲಿ, ಪಕ್ಕದ ಓಣಿಯಿಂದ ಬ್ರೆಡ್ಡು ಮಾರುವವನ ಸೈಕಲ್ಲು ನೇರ ಮುಂದೆ ಬಂತು. ಅವಳು ಬ್ರೇಕು ಒತ್ತಿದಳು. ಪೂರ್ತಿ ಒತ್ತಲು ಬೆನ್ನಿಗೆ ಆಸರೆ ಬೇಕಲ್ಲ? ಒತ್ತಿದ ರಭಸಕ್ಕೆ ದಿಂಬುಗಳು ಪಕ್ಕಕ್ಕೆ ಜಾರಿದವು, ಬೆನ್ನು ಹಿಂದಕ್ಕೆ ಹೋಯಿತು, ಪಾದ ಹಗುರಾಯಿತು. ನಿಲ್ಲಬೇಕಾದ ಕಾರು ನಿಲ್ಲದೆ ಮುಂದಕ್ಕೆ ಹೋಗುತ್ತಲೇ ಇತ್ತು. ಅವಳು ಸ್ಟೀರಿಂಗನ್ನೇ ತಬ್ಬಿ ಮೈಯನ್ನು ಮುಂದಕ್ಕೆ ಎಳೆದುಕೊಂಡು, ಸೀಟಿನ ಅಂಚಿಗೆ ಜಾರಿ, ಎರಡೂ ಕಾಲಿನಿಂದ ತುಳಿದಳು. ಕಾರು ಕಿರುಚಿ ನಿಂತಿತು. ಸೈಕಲ್ಲಿನ ಹಿಂದಿನ ಚಕ್ರ ಬಂಪರಿಗೆ ಒಂದು ಗೇಣು ದೂರವಿತ್ತು.

ಅದೇ ಗಳಿಗೆಯಲ್ಲಿ ಕಾಲಿಲ್ಲದ ಇಸ್ತ್ರಿ ಪೆಟ್ಟಿಗೆ ಹೊರಟಿತು. ಅತ್ತೆಯ ಕಿವಿಯ ಪಕ್ಕದಿಂದ ಹಾದು, ಮುಂದಿನ ಎರಡು ಸೀಟುಗಳ ನಡುವೆ ನುಗ್ಗಿ, ಹಾಡು ಕೇಳುವ ಸ್ಟೀರಿಯೋಗೆ ಮೂತಿ ಹೊಡೆದು ಗೇರಿನ ಬುಡಕ್ಕೆ ಬಿತ್ತು. ಗಾಜಿನ ಚೂರು ಚೆಲ್ಲಿದವು.

ಮೊದಲು ಬಾಯಿ ಬಿಟ್ಟವರು ಸಾಹೇಬರು.

"ಅಯ್ಯೋ! ನನ್ನ ಸ್ಟೀರಿಯೋ!"

ಅವಳು ತಿರುಗಿ ನೋಡಿದಳು. ಅತ್ತೆ ಕಿವಿ ಹಿಡಿದುಕೊಂಡಿದ್ದರು. ಓಲೆ ಕಿತ್ತು ಬಂದಿತ್ತು, ಬೆರಳ ಸಂದಿಯಲ್ಲಿ ರಕ್ತ. ಎರಡು ಬೆರಳು ಈಚೆಗೆ ಬಂದಿದ್ದರೆ ಏನಾಗುತ್ತಿತ್ತೆಂದು ಮೂವರಲ್ಲಿ ಇಬ್ಬರಿಗೆ ಗೊತ್ತಾಗಿತ್ತು. ಮೂರನೆಯವರು ಎಡಗೈಯಿಂದ ಸ್ಟೀರಿಯೋದ ಗುಂಡಿ ತಿರುಗಿಸಿ ಹಾಡು ಬರುತ್ತದೆಯೇ ಎಂದು ನೋಡುತ್ತಿದ್ದರು.

ಅವಳಿಗೆ ಸಿಟ್ಟು ಬಂತು ಎಂದರೆ ಕಡಿಮೆಯಾಯಿತು. ಇಂಥ ಮನುಷ್ಯನ ಮೂಗಿನ ತುದಿಯ ಸಿಟ್ಟಿಗೆ ಹೆದರಿ ದಿಂಬು ಹೊತ್ತು ತಿರುಗಿದೆನಲ್ಲ ಎಂದು ಅಸಹ್ಯವಾಯಿತು. ಕಾರನ್ನು ಬದಿಗೆ ಒಯ್ದು ನಿಲ್ಲಿಸಿದಳು. ಬ್ರೆಡ್ಡಿನವನ ಕ್ಷಮೆ ಕೇಳಿದಳು. ಅತ್ತೆಯ ಕಿವಿ ಒರೆಸಿ ಬಟ್ಟೆ ಒತ್ತಿ ಹಿಡಿದಳು. ಗಾಯ ಆಳವಾಗಿರಲಿಲ್ಲ.

"ಈಗ ಸೀಟು ಸರಿಸ್ತೀನಿ" ಎಂದಳು ಎದ್ದು ನಿಂತು.

"ಮುಟ್ಟಬೇಡ!" ಸಾಹೇಬರು ಕಾರು ಸುತ್ತಿ ಓಡಿಬಂದರು. "ಸರಿಸಲೇಬೇಕಾದ್ರೆ ನಾನೇ ಸರಿಸ್ತೀನಿ. ನೀನು ಮುರಿದು ಹಾಕ್ತೀಯ."

"ಸರಿ, ಸರಿಸಿ" ಎಂದು ಅವಳು ದಾರಿ ಬಿಟ್ಟಳು.

ಸಾಹೇಬರು ಬಾಗಿದರು. ಸ್ಟೀರಿಂಗಿನ ಕೆಳಗೆ ಎಡಗೈ ಹಾಕಿ ಒಂದು ಹಿಡಿಕೆ ಎಳೆದರು. ಮುಂದೆ 'ಟಕ್' ಎಂದು ಬಾನೆಟ್ಟು ಮೇಲೆದ್ದಿತು. ಅದನ್ನು ಕಂಡೂ ಕಾಣದವರಂತೆ ಸೀಟಿನ ಬದಿಗೆ ಕೈ ಹಾಕಿ ಇನ್ನೊಂದು ಎಳೆದರು. ಹಿಂದೆ 'ಟಪ್' ಎಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಾಯಿ ತೆರೆಯಿತು. ಸೀಟು ಕದಲಲಿಲ್ಲ. ಹೆಗಲು ಕೊಟ್ಟು ನೂಕಿದರು, ಮೊಣಕಾಲಿನಿಂದ ತಳ್ಳಿದರು, ಏನನ್ನೋ ಹುಡುಕುವವರಂತೆ ಕಾರ್ಪೆಟ್ಟು ಎತ್ತಿ ನೋಡಿದರು. ಬೆವರು ಹಣೆಯಿಂದ ಮೂಗಿಗೆ ಇಳಿಯಿತು. ಬ್ರೆಡ್ಡಿನವನು ಹೋಗದೆ ಸೈಕಲ್ಲಿಗೆ ಒರಗಿ ನಿಂತು ನೋಡುತ್ತಿದ್ದ.

ಅವಳಿಗೆ ಆಗ ಗ್ಯಾರೇಜು ನೆನಪಾಯಿತು. ಇಲ್ಲದ ಬ್ರೇಕಿನ ಸದ್ದು ನೆನಪಾಯಿತು. ಆವತ್ತು ಮೆಕ್ಯಾನಿಕ್ಕು ಸೀಟು ಹಿಂದಕ್ಕೆ ತಳ್ಳಿ ಎಷ್ಟು ನಕ್ಕಿರಬಹುದು ಎಂದುಕೊಂಡಳು.

"ರೀ" ಎಂದಳು, ತುಂಬಾ ಮೆತ್ತಗೆ. "ನಿಮಗೆ ಈ ಸೀಟು ಸರಿಸೋದು ಗೊತ್ತೇ ಇಲ್ಲ. ಅಲ್ವಾ?"

"ಅದು... ಜಾಮ್ ಆಗಿದೆ."

ಸೆಟ್ಟಿಂಗಂತೆ ಸೆಟ್ಟಿಂಗು! ಹಿಡಿಕೆ ಎಲ್ಲಿದೆಯೆಂದು ಕೇಳಲು ನಾಲಿಗೆ ಹೊರಳದ ಗಂಡಸು ದಂತವೈದ್ಯರ ಅಳತೆಯಲ್ಲಿ ಇಷ್ಟು ವರ್ಷ ಸೊಂಟ ಮುರಿದುಕೊಂಡಿದ್ದರು. ಅದನ್ನೇ ದೊಡ್ಡಸ್ತಿಕೆಯೆಂದು ಹೆಂಡತಿಗೆ ಉಪದೇಶ ಮಾಡಿದ್ದರು.

ಅವಳು ಅವರನ್ನು ಪಕ್ಕಕ್ಕೆ ಸರಿಸಿ ಕೂತಳು. ಸೀಟಿನ ಮುಂಭಾಗದ ಕೆಳಗೆ ಇದ್ದ ಅಡ್ಡ ಕಂಬಿಯನ್ನು ಮೇಲಕ್ಕೆ ಎತ್ತಿದಳು. ಸೀಟು ಬೆಣ್ಣೆಯಂತೆ ಮುಂದೆ ಬಂತು. ಸೊಂಟವನ್ನು ಸೀಟಿನ ಮೂಲೆಗೆ ತಾಗಿಸಿ ಬ್ರೇಕನ್ನೂ ಕ್ಲಚ್ಚನ್ನೂ ಕೊನೆಯವರೆಗೆ ಒತ್ತಿದಳು. ಆಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇತ್ತು. ವಾಲಿದ್ದ ಬೆನ್ನನ್ನು ನೆಟ್ಟಗೆ ಮಾಡಿದಳು. ಭುಜ ಸೀಟಿನಿಂದ ಏಳದಂತೆ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ನೆತ್ತಿಗೆ ಸಿಕ್ಕಿತು. ತಲೆಯ ಹಿಂದಿನ ಆಸರೆಯನ್ನು ನೆತ್ತಿಯ ಮಟ್ಟಕ್ಕೆ ಎತ್ತಿ, ಕನ್ನಡಿಗಳನ್ನು ತಿರುಗಿಸಿದಳು. ಮುಂದಿನ ರಸ್ತೆ ಇಷ್ಟು ಹತ್ತಿರ, ಇಷ್ಟು ಅಗಲ ಇದೆಯೆಂದು ಈಗ ಕಂಡಿತು. ಅವಳಿಗೆ ಸುಮ್ಮನೆ ಸಂತೋಷವಾಯಿತು.

ಆಮೇಲೆ ಡಿಕ್ಕಿ ಖಾಲಿ ಮಾಡಿದಳು. ಯಂತ್ರವನ್ನು ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟು, ಸಾಹೇಬರ ಅಮೂಲ್ಯವಾದ ಕಾರಿನ ಹೊದಿಕೆಯನ್ನು ಸುತ್ತ ತುರುಕಿದಳು. ಆ ಹೊದಿಕೆ ಬಾಳಿನಲ್ಲಿ ಮೊದಲ ಸಲ ಕೆಲಸಕ್ಕೆ ಬಂತು. ಇಸ್ತ್ರಿ ಪೆಟ್ಟಿಗೆಯನ್ನು ಬಕೆಟ್ಟಿನಲ್ಲಿ ಹಾಕಿ ಯಂತ್ರದ ಪಕ್ಕ ಸಿಕ್ಕಿಸಿದಳು. ಕುರ್ಚಿ, ಡಬ್ಬಿಗಳನ್ನು ಅವುಗಳ ಸಂದಿಗೆ ತಳ್ಳಿ, ಅತ್ತೆ ಕೊಟ್ಟ ಬಟ್ಟೆಯ ಪಟ್ಟಿಯಿಂದ ಎಲ್ಲವನ್ನೂ ಬಿಗಿದು ಕಟ್ಟಿದಳು. ಗಂಟುಗಳನ್ನು ಹಿಂದಿನ ಗಾಜಿಗೆ ಅಡ್ಡ ಬರದಂತೆ ಮೇಲೆ ಇಟ್ಟಳು. ಹಿಂದಿನ ಹಲಗೆಯ ಮೇಲೆ ಒಂದು ಗುಂಡುಸೂಜಿಯೂ ಉಳಿಯಲಿಲ್ಲ.

ಸಾಹೇಬರು ಬಾಲ ಮುದುಡಿಕೊಂಡು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ನಿಂತ್ಕೊಳೋ" ಎಂದರು ಅತ್ತೆ. ಕಿವಿಯ ಬಟ್ಟೆ ಇನ್ನೂ ಹಿಡಿದೇ ಇದ್ದರು. "ಮುಂದೆ ನಾನು ಕೂರ್ತೀನಿ. ನೀನು ಹಿಂದೆ ಕೂರು, ನನ್ನ ಜಾಗದಲ್ಲಿ."

"ಅಮ್ಮಾ, ನನ್ನ ಕೈ..."

"ನನ್ನ ಕಿವಿ ಏನಾಯ್ತು ಅಂತ ಕೇಳಿದ್ಯೇನೋ ನೀನು?"

ಸಾಹೇಬರು ಹಿಂದೆ ಹೋಗಿ ಕೂತರು. ಅವಳು ಎರಡೂ ದಿಂಬುಗಳನ್ನು ಅವರ ಮಡಿಲಿಗೆ ಎಸೆದಳು. "ಕೈಯಡಿಗೆ ಇಟ್ಕೊಳ್ಳಿ. ನನಗೆ ಇನ್ನು ಬೇಡ." ಮನೆ ಸೇರುವವರೆಗೂ ಸಾಹೇಬರು, ಅವಳು ಬ್ರೇಕು ಮುಟ್ಟಿದಾಗಲೆಲ್ಲ ಕುತ್ತಿಗೆ ಹೊರಳಿಸಿ ತಲೆಯ ಹಿಂದಿನ ಖಾಲಿ ಹಲಗೆಯನ್ನು ನೋಡುತ್ತಿದ್ದರು. ಕನ್ನಡಿಯಲ್ಲಿ ಅದೆಲ್ಲ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು.

ಅತ್ತೆಯ ಕಿವಿ ವಾಸಿಯಾಯಿತು. ಹರಿದ ತೂತಿನಲ್ಲಿ ಮತ್ತೆ ಓಲೆ ನಿಲ್ಲಲಿಲ್ಲ. ಒಂದೇ ಕಿವಿಗೆ ಓಲೆ ಹಾಕಿಕೊಂಡು ಓಡಾಡಿದರು, ಕೇಳಿದವರಿಗೆಲ್ಲ ಕಾರಣ ಹೇಳಿದರು. ಸಾಹೇಬರು ಮಾತ್ರ ಅಮ್ಮನ ಕಿವಿ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಸ್ಟೀರಿಯೋ ರಿಪೇರಿಗೆ ಎಷ್ಟಾಗುತ್ತದೆ ಎಂದು ನಾಲ್ಕು ಕಡೆ ವಿಚಾರಿಸಿದರು.

ಪ್ಲಾಸ್ಟರು ಬಿಚ್ಚಿದ ಮರುದಿನ ಬೆಳಗ್ಗೆ ಕೀಲಿ ತಿರುಗಿಸುತ್ತಾ ಹೊರಗೆ ಹೋದರು. ಸೀಟು ಈಗ ಹೆಂಡತಿಯ ಅಳತೆಯಲ್ಲಿತ್ತು, ಮೊಣಕಾಲು ಸ್ಟೀರಿಂಗಿಗೆ ತಾಗಿತು. ಅವಳು ಕಿಟಕಿಯಿಂದ ಹೇಳಿದಳು, "ಸೀಟಿನ ಮುಂದೆ, ಕೆಳಗೆ, ಅಡ್ಡ ಕಂಬಿ ಇದೆ. ಎತ್ತಿ ಹಿಂದಕ್ಕೆ ತಳ್ಳಿ. ಬೇಕಿದ್ರೆ ಬಂದು ತೋರಿಸ್ತೀನಿ."

"ನನಗೆ ಗೊತ್ತು!"

ಅವಳು ಕಿಟಕಿಯಿಂದ ಸರಿದಳು. ಯಂತ್ರದ ಮುಂದೆ ಕೂತಿದ್ದ ಅತ್ತೆ ಕೈ ನಿಲ್ಲಿಸಿ ಕಿವಿಗೊಟ್ಟರು. ಹೊರಗೆ 'ಟಕ್' ಎಂದಿತು.

"ಬಾನೆಟ್ಟಾ?"

"ಬಾನೆಟ್ಟು."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ 'ಟಪ್'.

"ಪೆಟ್ರೋಲ್ ಮುಚ್ಚಳ" ಎಂದಳು ಅವಳು.

ಅತ್ತೆ ಓಲೆಯಿಲ್ಲದ ಕಿವಿಯನ್ನು ಒಮ್ಮೆ ಸವರಿಕೊಂಡು, ಸೂಜಿಗೆ ದಾರ ಪೋಣಿಸತೊಡಗಿದರು. "ಬಸ್ಸು ಎಷ್ಟು ಹೊತ್ತಿಗಿದೆ ನೋಡಿ ಹೇಳಿಬಿಡೇ ಅವನಿಗೆ" ಎಂದರು.