ಕನುಮದ ದಿನ ತೆರೆದಿದ್ದ ಶಾಲೆ

ಸಂಕ್ರಾಂತಿ ರಜೆ ಅಂದರೆ ಆಂಧ್ರದ ರಾಯದುರ್ಗದ ಹಾಸ್ಟೆಲಿನ ಹುಡುಗಿಯರಿಗೆ ಎಲ್ಲಿಲ್ಲದ ಸಡಗರ. ಭೋಗಿ, ಸಂಕ್ರಾಂತಿ, ಮರುದಿನದ ಕನುಮ ಅಂತ ಮೂರು ದಿನ ಸರ್ಕಾರಕ್ಕೇ ರಜೆ. ಹಿಂದುಮುಂದಿನ ದಿನಗಳೂ ಸೇರಿ ಶಾಲೆಗೆ ವಾರಕ್ಕೂ ಮೇಲೆ. ಎಲ್ಲರೂ ಬಟ್ಟೆ ತುಂಬಿಕೊಂಡು ಅಪ್ಪ ಬಂದ, ಅಣ್ಣ ಬಂದ ಎಂದು ಗೇಟಿಗೆ ಓಡುತ್ತಿದ್ದರೆ, ಹತ್ತನೇ ಕ್ಲಾಸಿನ ಸೌಭಾಗ್ಯ ಮಾತ್ರ ತನ್ನ ಟ್ರಂಕಿನ ಮೇಲೆ ಸುಮ್ಮನೆ ಕೂತಿದ್ದಳು. ಗುಮ್ಮಘಟ್ಟದ ಹತ್ತಿರದ ಅವಳ ಊರಿನಲ್ಲಿ ಮನೆಗೆ ಬೀಗ ಬಿದ್ದಿತ್ತು. ಅಪ್ಪ ಜುಂಜಪ್ಪ, ಅವ್ವ ದುರುಗಕ್ಕ ಇಬ್ಬರೂ ಕುರಿ ಹೊಡೆದುಕೊಂಡು ಹೊಳೆಯ ಕಡೆ, ಭತ್ತ ಕೊಯ್ದ ಬಯಲುಗಳಿಗೆ ಹೋಗಿದ್ದರು.

ಮಧ್ಯಾಹ್ನಕ್ಕೆ ಅತ್ತೆ ಕದರಮ್ಮ ಬಂದಳು. ಜುಂಜಪ್ಪನ ಅಕ್ಕ. ಮಡಕಶಿರದ ಕಡೆಯ ರತ್ನಗಿರಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅಷ್ಟು ದೂರದಿಂದ ತನಗಾಗಿ ಬಂದಳಲ್ಲ ಎಂದು ಸೌಭಾಗ್ಯಳಿಗೆ ಕಣ್ಣು ತುಂಬಿತು. ವಾರ್ಡನ್ ಜುಂಜಪ್ಪನಿಗೆ ಫೋನ್ ಹಚ್ಚಿ ಕೇಳಿದರು. ಅವನು ಕಳಿಸ್ರಿ ಅಂದ. ಕಲ್ಯಾಣದುರ್ಗದಲ್ಲಿ ಒಂದು ಬಸ್ಸು, ಪಾವಗಡದಲ್ಲಿ ಇನ್ನೊಂದು. ನಡುವೆ ಕರ್ನಾಟಕ ಬಂತು, ಹೋಯಿತು, ಮತ್ತೆ ಆಂಧ್ರ ಬಂತು. ದಾರಿಯುದ್ದಕ್ಕೂ ಅತ್ತೆ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡೇ ಇದ್ದಳು.

ಅತ್ತೆಯ ಮನೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಹಬ್ಬಕ್ಕೆ ಅಂದುಕೊಂಡಳು. ಮರುದಿನ ಬಳೆಗಾರ ಬಂದು ಅವಳೊಬ್ಬಳಿಗೇ ಎರಡೂ ಕೈತುಂಬ ಹಸಿರು ಬಳೆ ತೊಡಿಸಿದ. ಅದೂ ಹಬ್ಬಕ್ಕೇ ಇರಬೇಕು. ಆದರೆ ನೀರಿಗೆ ಬಂದ ಹೆಂಗಸರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಅತ್ತೆಯ ಮಗ ಗೋಪಿ ಬಾಡಿಗೆಗೆ ಗೂಡ್ಸ್ ಆಟೋ ಓಡಿಸುವವನು, ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಹಿಂದೆಲ್ಲ ಜಡೆ ಎಳೆದು ಚೇಷ್ಟೆ ಮಾಡುತ್ತಿದ್ದವನು ಈ ಸಲ ಅವಳು ಕೂತಲ್ಲಿಗೆ ಬರುತ್ತಲೇ ಇರಲಿಲ್ಲ. ದೂರದಿಂದ ನೋಡಿ, ಅವಳು ತಿರುಗಿದರೆ ಮುಖ ಆಚೆ ಮಾಡುತ್ತಿದ್ದ.

ಭೋಗಿಯ ದಿನ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯಾಚೆ ಪಕ್ಕದ ಮನೆಯ ಮಂಜುಳ ಅತ್ತೆಯ ಜೊತೆ ಮಾತಾಡುವುದು ಕೇಳಿಸಿತು.

"ಪುಷ್ಯ ಮಾಸದಲ್ಲಿ ಯಾರಾದ್ರೂ ಮದುವೆ ಮಾಡ್ತಾರೇನಕ್ಕ?"

"ಅದಕ್ಕೇ ಕಣೆ ಮಾಡ್ತಿರೋದು," ಅತ್ತೆ ದನಿ ತಗ್ಗಿಸಿದಳು. "ಪುಷ್ಯ ಅಂತ ಯಾರಿಗೂ ಅನುಮಾನ ಬರಕಿಲ್ಲ. ಇಸ್ಕೂಲಿಗೆ ರಜಾ, ಊರಿನ ಸಚಿವಾಲಯಕ್ಕೆ ರಜಾ, ಅಂಗನವಾಡಿ ಟೀಚರು ತವರಿಗೆ ಹೋಗವ್ಳೆ. ಕನುಮದ ದಿನ ಸಂಜೆ ಗುಡಿಯಾಗೆ ತಾಳಿ ಒಂದು ಬಿದ್ರೆ, ಆಮ್ಯಾಕೆ ಆಫೀಸರುಗಳು ಬಂದು ಏನ್ ಮಾಡ್ತಾರೆ?"

"ಹುಡುಗಿ ಇನ್ನೂ ಓದ್ತೈತಲ್ಲಕ್ಕ."

"ಹತ್ತು ಪಾಸಾದ್ರೆ ಇಂಟರ್ ಕಾಲೇಜು ಅಂತಾಳೆ, ಆಮೇಲೆ ನಮ್ಮ ಕೈಗೆ ಸಿಕ್ತಾಳಾ? ಗೋಪಿಗೆ ಹೆಣ್ಣು ಹುಡುಕಿ ಹುಡುಕಿ ನನ್ನ ಚಪ್ಪಲಿ ಸವೆದೋಯ್ತು. ಸೊಸೆ ಅಂತ ಒಬ್ಳು ಮನೇಗೆ ಬಂದ್ರೆ ಸಾಕಾಗೈತೆ ನಂಗೆ."

ಸೌಭಾಗ್ಯಳ ಕೈಯಲ್ಲಿದ್ದ ತಟ್ಟೆ ಜಾರಿತು. ಬೀಳದ ಹಾಗೆ ಮಂಡಿಯಲ್ಲಿ ಒತ್ತಿ ಹಿಡಿದಳು. ಸದ್ದಾದರೆ ತನಗೆ ಗೊತ್ತಾಗಿದ್ದು ಅವರಿಗೆ ಗೊತ್ತಾಗುತ್ತದೆ. ಅವರ ಮಾತು ಮುಗಿಯುವವರೆಗೂ ಅದೇ ತಟ್ಟೆಯನ್ನು ತಿಕ್ಕುತ್ತಲೇ ಇದ್ದಳು.

ಸಾಯಂಕಾಲ ಅಪ್ಪನ ಹತ್ತಿರ ಮಾತಾಡಬೇಕು ಅಂದಳು. ಅತ್ತೆ ತಾನೇ ನಂಬರು ಒತ್ತಿ, ಫೋನನ್ನು ಅವಳ ಕಿವಿಗೆ ಹಿಡಿದು ಪಕ್ಕದಲ್ಲೇ ನಿಂತಳು.

"ಅಪ್ಪಾ, ನನ್ನ ಕರ್ಕೊಂಡು ಹೋಗು. ಇಲ್ಲಿ ಮದುವಿ ಅಂತಾರ."

ಕುರಿಗಳ ಕೂಗಿನ ನಡುವೆ ಜುಂಜಪ್ಪ ಅಂದ, "ಅಕ್ಕ ಹೇಳಿದಂಗ ಕೇಳವ್ವ. ಕುರಿ ಹಿಂದ ತಿರುಗೋ ಬಾಳೇವು ನಿನಗ ಬ್ಯಾಡ. ಅಲ್ಲಿ ಸುಖದಾಗ ಇರ್ತಿ."

"ಅವ್ವಗ ಕೊಡು."

"ಆಕಿ ಇಲ್ಲಿಲ್ಲ, ಕುರಿ ಕಡಿ ಹೋಗ್ಯಾಳ."

ಫೋನ್ ಕಟ್ಟಾಯಿತು. ಅತ್ತೆ ಅದನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಅವಳ ಗಲ್ಲ ಹಿಡಿದಳು. "ಅಳಬ್ಯಾಡ ಕಣೆ. ನಿನ್ನ ವಯಸ್ಸಲ್ಲಿ ನಾನು ಮಗು ಎತ್ಕೊಂಡಿದ್ದೆ. ಬೇರೆ ಮನೆಗಾ ಹೋಗ್ತಿದೀಯಾ ನೀನು?" ಆ ಕೈ ಬೆಚ್ಚಗಿತ್ತು. ಅದೇ ಸೌಭಾಗ್ಯಳಿಗೆ ಇನ್ನೂ ದಿಗಿಲು ಹುಟ್ಟಿಸಿತು. ಹೊಡೆದಿದ್ದರೆ ಕಿರುಚಬಹುದಾಗಿತ್ತು. ಇಷ್ಟು ಪ್ರೀತಿಯಿಂದ ಹಿಡಿದವರ ಕೈಯಿಂದ ಬಿಡಿಸಿಕೊಳ್ಳುವುದು ಹೇಗೆ? ಅವ್ವನಿಗೆ ಈ ವಿಷಯ ಗೊತ್ತಿಲ್ಲ ಅನ್ನುವುದೊಂದೇ ಅವಳಿಗೆ ಖಚಿತವಾಗಿದ್ದದ್ದು.

ಮಕ್ಕಳ ಸಹಾಯಕ್ಕೆ 1098ಕ್ಕೆ ಫೋನ್ ಮಾಡಬೇಕೆಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ನಂಬರು ನೆನಪಿತ್ತು, ಫೋನ್ ಇರಲಿಲ್ಲ. ಸಂಕ್ರಾಂತಿಯ ದಿನ ಗುಡಿಗೆ ಕರೆದುಕೊಂಡು ಹೋಗುವಾಗ ಯಾರಿಗಾದರೂ ಹೇಳಿಬಿಡಬೇಕೆಂದು ಗಟ್ಟಿಮಾಡಿಕೊಂಡಳು. ಬೀದಿ ತುಂಬ ಬಣ್ಣದ ರಂಗೋಲಿ, ನಡುನಡುವೆ ಸಗಣಿಯ ಉಂಡೆಗೆ ಹೂ ಸಿಕ್ಕಿಸಿದ ಗೊಬ್ಬೆಮ್ಮಗಳು. ಶಾಲೆಯ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿತ್ತು. ಪಂಚಾಯಿತಿ ಆಫೀಸಿನಂಥ ಗ್ರಾಮ ಸಚಿವಾಲಯದ ಬಾಗಿಲಿಗೂ ಬೀಗ. ಸರ್ಕಲಿನ ಬ್ಯಾಂಕಿನ ಶಟರು ಕೆಳಗಿಳಿದಿತ್ತು, ಅದರ ಮುಂದೆ ನಾಯಿಯೊಂದು ಮಲಗಿತ್ತು. ಸಂಬಳದವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿದ್ದರು. ಉಳಿದವರೆಲ್ಲ ಅತ್ತೆಯ ಬೀದಿಯವರು, ಅತ್ತೆಯ ನೆಂಟರು. ಒಬ್ಬ ಮುದುಕಿ ಅವಳ ಕೆನ್ನೆ ಸವರಿ, "ಪೆಳ್ಳಿ ಕಳ ವಚ್ಚೇಸಿಂದಿ," ಅಂತ ತೆಲುಗಿನಲ್ಲಿ ನಕ್ಕಳು. ಮುಖದಲ್ಲಿ ಮದುವೆಯ ಕಳೆ ಬಂದುಬಿಟ್ಟಿದೆಯಂತೆ. ಎಲ್ಲರಿಗೂ ಗೊತ್ತಿದೆ ಎಂದು ಸೌಭಾಗ್ಯಳಿಗೆ ಆಗ ತಿಳಿಯಿತು. ಗೊತ್ತಿದ್ದೂ ನಗುತ್ತಿದ್ದಾರೆ. ತಲೆ ತಗ್ಗಿಸಿ ಅತ್ತೆಯ ಹಿಂದೆಯೇ ಮನೆಗೆ ನಡೆದಳು.

ಕನುಮದ ದಿನ ಬೆಳಿಗ್ಗೆ ಮಂಜುಳ ಒಬ್ಬಟ್ಟು ತಟ್ಟಲು ಬಂದಳು. "ನಮ್ಮಕ್ಕ ಬರಲ್ವಂತೆ," ಎಂದು ಅತ್ತೆಗೆ ಹೇಳಿದಳು. "ಅವಳ ಮಕ್ಕಳಿಗೆ ಇವತ್ತು ಇಸ್ಕೂಲು. ಹಳ್ಳದಾಚೆ ಕರ್ನಾಟಕ ಅಲ್ವಾ, ಅವರಿಗೆ ಸಂಕ್ರಾಂತಿ ಒಂದೇ ದಿನ ರಜಾ. ಕನುಮ ಗಿನುಮ ಏನೂ ಇಲ್ಲ."

ಹಿಟ್ಟು ನಾದುತ್ತಿದ್ದ ಸೌಭಾಗ್ಯಳ ಕೈ ನಿಂತಿತು. ಹಳ್ಳದಾಚೆ ಇವತ್ತು ಒಂದು ಶಾಲೆ ತೆರೆದಿದೆ. ಅಲ್ಲಿ ಟೀಚರು ಇರುತ್ತಾರೆ. ಅತ್ತೆ ನೋಡುವ ಮುಂಚೆ ತಲೆ ತಗ್ಗಿಸಿ ಮತ್ತೆ ನಾದತೊಡಗಿದಳು.

ಆಗ ಅತ್ತೆಯ ಗಂಡ, ಮಾವ ಲಕ್ಷ್ಮೀನರಸಪ್ಪ ಹುಳ ಸಾಕುವ ಮನೆಯಿಂದ ಆಚೆ ಬಂದ. ಮಾತು ಕಡಿಮೆಯ ಮನುಷ್ಯ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಬಿಟ್ಟರೆ ಬೇರೆ ಲೋಕ ಕಂಡವನಲ್ಲ. "ಹಬ್ಬ ಅಂತ ಆಳುಗಳು ಬಂದಿಲ್ಲ," ಅಂದ. "ಹುಳ ಹಸ್ಕಂಡು ತಲೆ ಎತ್ತವೆ. ಆ ಹುಡುಗೀನ ಕಳ್ಸು, ಒಂದ್ ಹೊರೆ ಸೊಪ್ಪು ತಂದುಬಿಡ್ತೀವಿ."

"ಮದುವೆ ಹೆಣ್ಣನ್ನ ಹೊಲಕ್ಕೆ ಕಳಿಸ್ತಾರಾ?" ಅತ್ತೆ ಗದರಿದಳು. ಆದರೆ ಗೋಪಿ ಎತ್ತು ತೊಳೆಯಲು ಕೆರೆಗೆ ಹೋಗಿದ್ದ, ಹುಳ ಸತ್ತರೆ ಬೆಳೆ ಹೋಗುತ್ತದೆ. "ಬೇಗ ಬಂದುಬಿಡಿ, ಅರಿಶಿನ ಹಚ್ಚಬೇಕು," ಅಂದಳು.

ತೋಟದ ಕೊನೆಯಲ್ಲಿ ಜಾಲಿ ಬೇಲಿ. ಅದರ ಕೆಳಗೆ ಒಣಗಿದ ಹಳ್ಳ. ಮಾವ ಕುಡುಗೋಲು ಹಿಡಿದು ಸಾಲಿಗಿಳಿದ. ಸೌಭಾಗ್ಯ ಸೊಪ್ಪು ಒಟ್ಟುವವಳ ಹಾಗೆ ಬಗ್ಗಿ ಕೇಳಿದಳು, "ಮಾಮಾ, ಹಳ್ಳದಾಚೆ ಊರು ದೂರ ಐತೇನು?"

ಅವನು ಕೊಯ್ಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ.

"ನನಗ ಭಾಳ ಹೆದರಿಕಿ ಆಗೈತಿ ಮಾಮಾ," ಅಂದಳು. ದನಿ ಅವಳದ್ದೇ ಅನ್ನಿಸಲಿಲ್ಲ.

ಲಕ್ಷ್ಮೀನರಸಪ್ಪ ಹಳ್ಳದ ಕಡೆ ಒಮ್ಮೆ ನೋಡಿದ, ಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ ಬೆನ್ನು ತಿರುಗಿಸಿ ತೋಟದ ಇನ್ನೊಂದು ಕೊನೆಗೆ ನಡೆದುಹೋದ. ಬಗ್ಗಿ ಕೊಯ್ಯತೊಡಗಿದವನು ಮತ್ತೆ ತಿರುಗಲಿಲ್ಲ.

ಅವಳು ಓಡಿದಳು. ಬೇಲಿಯ ಮುಳ್ಳು ದಾವಣಿ ಹರಿಯಿತು. ಹಳ್ಳದ ಮರಳಲ್ಲಿ ಚಪ್ಪಲಿ ಹೂತುಕೊಂಡಾಗ ಬಿಟ್ಟೇ ಓಡಿದಳು. ಬಳೆಗಳ ಸದ್ದು ಊರಿಗೆಲ್ಲ ಕೇಳುತ್ತದೆಂದು ಎರಡೂ ಕೈಯನ್ನು ಎದೆಗೆ ಅವುಚಿಕೊಂಡಳು. ಎಲ್ಲೋ ಬೈಕಿನ ಶಬ್ದ ಕೇಳಿದ ಕೂಡಲೇ ಜಾಲಿ ಪೊದೆಯ ಕೆಳಗೆ ಬಿದ್ದುಕೊಂಡಳು. ಅದು ಗೋಪಿಯದ್ದೇ. ಗೋಪಿಯದ್ದೇ ಇರಬೇಕು. ಶಬ್ದ ಹತ್ತಿರ ಬಂದು, ದಾಟಿ, ಕರಗಿತು. ಯಾರದೋ ಏನೋ. ಇಲ್ಲೇ ಬಿದ್ದಿದ್ದರೆ ಅರಿಶಿನದ ಹೊತ್ತಿಗೆ ಹುಡುಕಿಕೊಂಡು ಬರುತ್ತಾರೆ ಅನ್ನಿಸಿದ ಮೇಲೆಯೇ ಎದ್ದದ್ದು.

ದಿಬ್ಬ ಹತ್ತಿದಾಗ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳಿಸಿತು. ಹಳದಿ ಬಣ್ಣದ ಶಾಲೆ, ತೆರೆದ ಗೇಟು. ಬರಿಗಾಲು, ಹರಿದ ದಾವಣಿ, ಕೈತುಂಬ ಹಸಿರು ಬಳೆಯ ಹುಡುಗಿಯನ್ನು ಕಂಡು ಮಕ್ಕಳ ಮಗ್ಗಿ ನಿಂತುಹೋಯಿತು. ಹೊರಗೆ ಬಂದ ಟೀಚರ ಹೆಸರು ತ್ರಿವೇಣಿ. ಸೌಭಾಗ್ಯಳ ಬಾಯಿಂದ ಬಂದ ಮೊದಲ ಮಾತು, "ಮೇಡಂ, ಇವತ್ತು ಶಾಲಿ ಐತೇನ್ರಿ?"

"ಇದೆಯಲ್ಲಮ್ಮ. ಯಾರು ನೀನು? ಏನಾಯ್ತು?"

ಅವಳು ಹೇಳಿದಳು. ಅರ್ಧ ಹೇಳುವಷ್ಟರಲ್ಲಿ ತ್ರಿವೇಣಿ ಮೇಡಂ ಗೇಟಿಗೆ ಬೀಗ ಹಾಕಿಸಿ, 1098ಕ್ಕೆ ಫೋನ್ ಹಚ್ಚಿದ್ದರು.

ಪೊಲೀಸ್ ಜೀಪು ಬರುವ ಮುಂಚೆ ಅತ್ತೆ ಬಂದಳು, ಗೋಪಿಯ ಬೈಕಿನ ಹಿಂದೆ ಕೂತು. ಗೋಪಿ ಗೇಟಿನ ಸರಳು ಹಿಡಿದು ಅಲುಗಾಡಿಸಿದ. "ಮೇಡಂ, ಇದು ನಮ್ಮ ಮನೆ ವಿಷಯ. ನೀವು ಕರ್ನಾಟಕದೋರು, ನಿಮಗ್ಯಾಕೆ? ಹುಡುಗೀನ ಕಳ್ಸಿ." ಅತ್ತೆ ನೆಲಕ್ಕೆ ಕೂತು ತಲೆ ಚಚ್ಚಿಕೊಂಡು ಅತ್ತಳು. ಊರವರು ಸೇರಿದರು. ಅವರಲ್ಲೊಬ್ಬ, "ಕಳಿಸ್ಬಿಡಿ ಟೀಚರ್, ಬೇರೆ ರಾಜ್ಯದ ಉಸಾಬರಿ ಯಾಕೆ?" ಅಂದ.

ಸೌಭಾಗ್ಯ ಮೇಡಂ ಹಿಂದೆ ನಿಂತಿದ್ದಳು. ಅವರು ಬೀಗದ ಕೈಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಲೇ ಇದ್ದರು. ಇವರಿಗೂ ಹೆದರಿಕೆ. ಇವರೂ ಈಗ ಗೇಟು ತೆಗೆದುಬಿಡುತ್ತಾರೆ.

ಮೇಡಂ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ನೀನು ಹೋಗ್ತೀಯಾ?" ಅಂದರು.

"ಇಲ್ರಿ."

"ಜೋರಾಗಿ ಹೇಳು."

"ನಾ ಹೋಗಂಗಿಲ್ರಿ! ನನಗ ಮದುವಿ ಬ್ಯಾಡ!"

ಗೋಪಿ ಗೇಟು ಬಿಟ್ಟ. ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅವನ ಮುಖ ಕಪ್ಪಿಟ್ಟಿತ್ತು. ಸಿಟ್ಟೋ ಅವಮಾನವೋ ಅವಳಿಗೆ ತಿಳಿಯಲಿಲ್ಲ. ಬೈಕಿನ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತ. ಅತ್ತೆ ಮಾತ್ರ ಜೀಪು ಬರುವವರೆಗೂ ಸರಳಿನ ಸಂದಿಯಲ್ಲಿ ಕೈ ತೂರಿಸಿ, "ಬಾರೆ, ನನ್ನ ಕಂದ, ಬಾರೆ," ಅನ್ನುತ್ತಲೇ ಇದ್ದಳು.

ಪೊಲೀಸಿನವರು ಬಂದ ಮೇಲೂ ಹೆದರಿಕೆ ಇಳಿಯಲಿಲ್ಲ. "ಇದು ಆಂಧ್ರದ ಕೇಸು, ಹುಡುಗೀನ ಅವರಿಗೇ ಒಪ್ಪಿಸಬೇಕು," ಎಂದ ಜಮೇದಾರ ಮಡಕಶಿರದ ಮಕ್ಕಳ ರಕ್ಷಣೆಯ ಆಫೀಸಿಗೆ ಮತ್ತೆ ಮತ್ತೆ ಫೋನ್ ಮಾಡಿದ. ರಜೆಯ ದಿನ, ಎತ್ತುವವರಿಲ್ಲ. "ಒಪ್ಪಿಸೋಕೆ ಅಲ್ಲಿ ಯಾರಾದ್ರೂ ಇರಬೇಕಲ್ಲ," ಎಂದು ಕೊನೆಗೆ ಗೊಣಗಿ, ಅವಳನ್ನು ತುಮಕೂರಿನ ಬಾಲಮಂದಿರಕ್ಕೆ ಕಳಿಸುವ ಏರ್ಪಾಟು ಮಾಡಿದ. ತ್ರಿವೇಣಿ ಮೇಡಂ ಜೊತೆಗೇ ಹೋದರು. ಆ ಸಂಜೆ ಮುಹೂರ್ತದ ಹೊತ್ತಿಗೆ ಸೌಭಾಗ್ಯ ಬಸ್ಸಿನಂಥ ದೊಡ್ಡ ವ್ಯಾನಿನಲ್ಲಿ ಅವರ ಪಕ್ಕ ಕೂತು, ಹಿಂದೆ ಬರುವ ಪ್ರತಿ ಬೈಕಿನ ದೀಪವನ್ನೂ ತಿರುತಿರುಗಿ ನೋಡುತ್ತಿದ್ದಳು.

ರಜೆ ಮುಗಿದು ಆಫೀಸುಗಳು ತೆರೆದ ಮೇಲೆ ಬಾಲಮಂದಿರಕ್ಕೆ ದುರುಗಕ್ಕ ಬಂದಳು. ಮೈಯೆಲ್ಲ ಕುರಿಯ ವಾಸನೆ, ಕಾಲು ಬಿರಿದಿತ್ತು. ಮಗಳ ಕೈಯ ಬಳೆಗಳನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. "ನನಗ ಒಂದು ಮಾತು ಹೇಳಲಿಲ್ಲವ್ವ. ಹಬ್ಬಕ್ಕ ಹೋಗ್ಯಾಳ ಅಂದ್ರು," ಅಂದಳು. ಅಧಿಕಾರಿಗಳ ಮುಂದೆ ಕದರಮ್ಮ ಇನ್ನು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ಹೆಬ್ಬೆಟ್ಟು ಒತ್ತಿದಳು. ಹುಡುಗಿ ಹೇಗೆ ತಪ್ಪಿಸಿಕೊಂಡಳು ಅಂದಾಗ, ಸೊಪ್ಪು ಕೊಯ್ಯುತ್ತಿದ್ದೆ, ನೋಡಲಿಲ್ಲ ಅಂದ ಲಕ್ಷ್ಮೀನರಸಪ್ಪ. ಜುಂಜಪ್ಪ ಬರಲೇ ಇಲ್ಲ.

ಅವನು ಬಂದದ್ದು ಮಾರ್ಚಿನಲ್ಲಿ, ಪರೀಕ್ಷೆಯ ಹಿಂದಿನ ದಿನ. ಸೌಭಾಗ್ಯ ಮತ್ತೆ ಸೇರಿಕೊಂಡಿದ್ದ ರಾಯದುರ್ಗದ ಹಾಸ್ಟೆಲಿನ ಗೇಟಿನ ಹೊರಗೆ ಟವೆಲು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ. ನಿಮ್ಮಪ್ಪ ಬಂದಾನ ಎಂದು ಯಾರೋ ಕೂಗಿದಾಗ ಸೌಭಾಗ್ಯ ಗೇಟಿಗೆ ಓಡಲಿಲ್ಲ. ವಾರ್ಡನ್ ಅವರನ್ನು ಜೊತೆಗೆ ಕರೆದುಕೊಂಡೇ ಹೋದಳು.

"ಚಲೋ ಬರಿಯವ್ವ," ಅಂದ ಜುಂಜಪ್ಪ. ಕಣ್ಣು ನೆಲದ ಮೇಲಿತ್ತು. ಸರಳಿನ ಸಂದಿಯಿಂದ ಒಂದು ಹೊಸ ಪೆನ್ನು ಚಾಚಿದ.

ಅವಳು ಗೇಟಿನ ಒಳಗೇ ನಿಂತು ಅದನ್ನು ತಗೊಂಡಳು.