ಅರಿಶಿನ ಹತ್ತಿದ ಕಾರು

ಇಂಡಿ ಊರಿನ ಬಜಾರಿನಲ್ಲಿ ಈಗ ಸಿಮೆಂಟಿನ ಗೋದಾಮು ಇರುವಲ್ಲಿ ಒಂದು ಕಾಲಕ್ಕೆ ಅನಂತರಾಯರ ಕಾರಿನ ಏಜೆನ್ಸಿ ಇತ್ತು. ಗಾಜಿನ ಹಿಂದೆ ಒಂದೇ ಕಾರು. ಕೆನೆಬಣ್ಣದ್ದು, ಒಳಗೆ ಬಿಳಿಯ ಸೀಟು. ಪೆಟ್ರೋಲು ತುಟ್ಟಿಯಾದ ಎಪ್ಪತ್ನಾಲ್ಕರ ವರ್ಷ ಅದು. ದೀಪಾವಳಿಯೊಳಗೆ ಕಾರು ಮಾರಾಟವಾಗದಿದ್ದರೆ ಅದನ್ನೂ ಏಜೆನ್ಸಿಯನ್ನೂ ಹಿಂದಕ್ಕೆ ಪಡೆಯುವುದಾಗಿ ಕಂಪನಿ ತಿಳಿಸಿತ್ತು. ರಾಯರು ವಿಜಾಪುರದ ಮನೆಯನ್ನು ಮಾರಿ ಈ ಏಜೆನ್ಸಿ ಹಿಡಿದಿದ್ದರು. ಎದುರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ಸಂಜೆ ಅವರಲ್ಲಿ ಹೋಗಿ ಕೂರುತ್ತಿದ್ದೆ.

ವೈಶಾಖದಲ್ಲಿ ಅಗರಖೇಡದ ಕಬ್ಬಿನ ಸಾಹುಕಾರ ಪರಸಪ್ಪ ಬಂದ.

“ರಾಯರ, ನನ್ನ ಮಗಾ ಲಗ್ನದಾಗ ಎತ್ತಿನ ಚಕ್ಕಡ್ಯಾಗ ಮೆರೀಬೇಕೇನ್ರಿ? ನಿಮ್ಮ ಕಾರು ದೇವರಂಗ ಸುಮ್ನ ಕುಂತೈತಿ. ಒಂದ ದಿನ ಕೊಡ್ರಿ. ಮುಂದ ತಗೊಳ್ಳಾಂವ ನಾನ.”

“ಮಾರೂ ಗಾಡಿ ಅದ, ಸಾವಕಾರ್ರ.”

“ಮದುಮಗನ್ನ ಕುಂಡ್ರಿಸಿದ್ರ ಸವದು ಹೋಗ್ತೈತೇನ್ರಿ?”

ರಾಯರಿಗೆ ಇಲ್ಲವೆನ್ನುವುದು ಬರುತ್ತಿರಲಿಲ್ಲ. ಗಿರಾಕಿ ಕೈತಪ್ಪುವ ಭಯವೂ ಇತ್ತು. ಕೊಟ್ಟರು. ಒಬ್ಬನಿಗೆ ಕೊಟ್ಟ ಮೇಲೆ ಮತ್ತೊಬ್ಬನಿಗೆ ನಿರಾಕರಿಸಲು ಕಾರಣ ಉಳಿಯಲಿಲ್ಲ. ಸಿಂದಗಿಯಿಂದಲೂ ಬಂದು ಕೇಳಿದರು. ಎಲ್ಲರೂ ನಿಂಬೆಹಣ್ಣು, ಹೂವಿನ ಹಾರ ತಂದರು. ಎಲ್ಲರೂ ಮುಂದೆ ತಾವೇ ಕೊಳ್ಳುವುದಾಗಿ ಹೇಳಿದರು.

ಅರಿಶಿನದ ಮೈಯ ಮದುಮಕ್ಕಳು ಕುಳಿತೆದ್ದ ಸೀಟನ್ನು ರಾಯರ ಪತ್ನಿ ಸಾವಿತ್ರೀಬಾಯಿ ಸಾಬೂನು ಹಚ್ಚಿ ಉಜ್ಜಿದರು. ಕಲೆ ಕೆಂಪೇರಿತು; ಒಣಗಿದ ಮೇಲೆ ಮತ್ತೆ ಹಳದಿಯಾಯಿತು.

ದಸರೆಯ ಮರುದಿನ ಪರಸಪ್ಪ ಕೊಳ್ಳಲೆಂದೇ ಬಂದ. ರಾಯರು ತಾವೇ ಕಾರಿನ ಬಾಗಿಲು ತೆರೆದರು. ಅವನು ಬಗ್ಗಿ ನೋಡಿದ.

“ಇದೇನ್ರಿ ರಾಯರ, ಅರಿಷಿಣ! ಈ ಮದುಮಗಳಿಗೆ ಇದು ಎಷ್ಟನೇ ಲಗ್ನಾರಿ?”

ಜತೆಗೆ ಬಂದವರು ನಕ್ಕರು. ನಾನು ಎದ್ದು ನಿಂತೆ.

“ಸಾವಕಾರ್ರ, ಮೊದಲನೇ ಅರಿಷಿಣ ಯಾರ ಮಗಂದು...”

“ಮಾಸ್ತರ, ನೀವು ಸುಮ್ನ ಕೂಡ್ರಿ,” ಎಂದರು ರಾಯರು. ಬಾಗಿಲಿಗೆ ಬಂದವನ ಮುಖಭಂಗ ಮಾಡಬಾರದೆಂಬ ನಡತೆಯನ್ನು ಅವರು ಆಗಲೂ ಬಿಡಲಿಲ್ಲ. “ಸೀಟು ಬದಲಿ ಮಾಡಿಸಿ ಕೊಡ್ತೀನ್ರಿ.”

“ಸೀಟಿನ ಮಾತಲ್ರಿ. ಪರಸಪ್ಪ ಮಂದಿ ಬಳಸಿದ್ದು ತಂದ ಅಂತಾರ. ಸೊಲ್ಲಾಪುರದಾಗ ಹೊಸಾದು ನೋಡ್ತೇನಿ.”

ಸಾವಿತ್ರೀಬಾಯಿ ಕೊಟ್ಟ ಚಹಾ ಕುಡಿದು ಅವನು ಎದ್ದ. ಮೆಟ್ಟಿಲ ಬಳಿ ತಿರುಗಿ ನಿಂತು ಹೇಳಿದ: “ತುಳಸಿ ಲಗ್ನ ಆದಮ್ಯಾಲ ಸಣ್ಣ ಮಗಂದೂ ಮದುವಿ ಐತ್ರಿ. ಆವಾಗ ಇದನ್ನ ಕೊಡ್ರಿ. ಹೊಸಾ ಗಾಡಿಗೆ ಯಾಕ ಅರಿಷಿಣ ಹಚ್ಚೂದು?”

“ಇದ್ದರ ಒಯ್ರಿ,” ಎಂದರು ರಾಯರು.

ದೀಪಾವಳಿ ಕಳೆಯಿತು. ಕಂಪನಿಯ ಚಾಲಕ ಬಂದು ಕಾರನ್ನು ಹೊರತೆಗೆದ. ಬಜಾರಿನ ಜನ ವಾಡಿಕೆಯಂತೆ ದಾರಿ ಬಿಟ್ಟು, ಕೊರಳು ಚಾಚಿ ಒಳಗೆ ನೋಡಿದರು. ಹಿಂದಿನ ಸೀಟು ಖಾಲಿಯಿತ್ತು.

“ರಾಯರ, ಇವತ್ತ ಯಾರ ಲಗ್ನಾರಿ?” ಬಳೆ ಅಂಗಡಿಯ ಗೈಬುಸಾಬ ಕೂಗಿ ಕೇಳಿದ. “ಮದುಮಗಾನ ಕಾಣವಲ್ಲ!”

ಬರಿದಾದ ಗಾಜಿನ ಮುಂದೆ ನಿಂತಿದ್ದ ರಾಯರು ಅವನಿಗೂ ಕೈ ಮುಗಿದರು.