ಎರಡು ತಿಂಗಳ ಮಳಿಗೆ

ಹಾಸನಕ್ಕೆ ಮಾಲ್ ಬಂದ ಹೊಸತರಲ್ಲಿ ಸುತ್ತಲಿನ ಊರುಗಳ ಜನ ಅಲ್ಲಿಗೆ ಹೋಗುತ್ತಿದ್ದದ್ದು ಸಾಮಾನು ಕೊಳ್ಳುವುದಕ್ಕಲ್ಲ, ತಾನಾಗಿಯೇ ಮೇಲೇರುವ ಮೆಟ್ಟಿಲನ್ನು ನೋಡುವುದಕ್ಕೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಅದನ್ನು ಹತ್ತಿದವರೂ ಇದ್ದರು. ನಗಬೇಡಿ, ಮೊದಲ ಸಲ ಹತ್ತುವಾಗ ನೀವೂ ಪಕ್ಕದವರ ಭುಜ ಹಿಡಿದುಕೊಂಡಿರುತ್ತೀರಿ. ಆ ಮೆಟ್ಟಿಲಿನ ಬುಡದಲ್ಲಿ, ಒಂದು ಮಂಚ ಹಾಕುವಷ್ಟು ಜಾಗದಲ್ಲಿ, ಶ್ರಾವಣದಿಂದ ದಸರಾವರೆಗೆ ಮಳಿಗೆ ಇಟ್ಟುಕೊಳ್ಳುತ್ತೀರಾ ಎಂದು ಮಾಲಿನ ಮ್ಯಾನೇಜರು ಗಿರಿಧರ ದುದ್ದದ ಸುಬ್ಬಮ್ಮನನ್ನು ಕೇಳಿದ. ಎರಡೇ ತಿಂಗಳು. ಆಮೇಲೆ ಆ ಜಾಗ ಮೊಬೈಲ್ ಮಾರುವವರಿಗೆ.

ಸುಬ್ಬಮ್ಮ ಮಾಡುತ್ತಿದ್ದದ್ದು ರಾಗಿ ಹುರಿಹಿಟ್ಟು. ಹಾಸನದಲ್ಲಿ ಓದುತ್ತಿದ್ದ ಅವಳ ಮಗಳ ಕೈಯಿಂದ ಗಿರಿಧರ ಅದರ ರುಚಿ ಕಂಡಿದ್ದ. ರಾಗಿಗೆ ಮಜ್ಜಿಗೆ ಚಿಮುಕಿಸಿ ಮುಚ್ಚಿಟ್ಟು, ಮಾರನೆಯ ದಿನ ಕಾದ ಮರಳಿನಲ್ಲಿ ಹುರಿದು ಅರಳಿಸಿ, ಮರಳು ಜರಡಿಯಾಡಿ, ಮಿಲ್ಲಿಗೆ ಹಾಕಿಸಿ ತರುವಳು. ಬೆಲ್ಲ ಹಾಕಿ ಹಾಲಿಗೆ ಕಲಸಿಕೊಂಡರೆ, ಅಬ್ಬಬ್ಬಾ, ಊಟವೇ ಬೇಡ! ಹುರಿಹಿಟ್ಟು ತಿನ್ನುವಾಗ ಒಂದೇ ಒಂದು ಹರಳು ಮರಳು ಹಲ್ಲಿಗೆ ಸಿಕ್ಕಿತೋ, ಮಾಡಿದವಳ ಹೆಸರು ಕೆಟ್ಟಿತು. ಸುಬ್ಬಮ್ಮನ ಹಿಟ್ಟಿನಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ಸಿಕ್ಕಿದ್ದರೂ ಕೆಡುವುದಕ್ಕೆ ಆ ಹಿಟ್ಟಿನ ಮೇಲೆ ಅವಳ ಹೆಸರಾದರೂ ಎಲ್ಲಿತ್ತು?

ಹಿಟ್ಟನ್ನೆಲ್ಲ ಕೊಳ್ಳುತ್ತಿದ್ದವನು ಚನ್ನರಾಯಪಟ್ಟಣದ ಅಂಗಡಿಯ ಅಪ್ಪಾಜಿ. ಅನ್ನಪೂರ್ಣೇಶ್ವರಿಯ ಚಿತ್ರವಿದ್ದ ಕವರಿಗೆ ತುಂಬಿ, ತನ್ನ ಅಂಗಡಿಯ ಹೆಸರಿನಲ್ಲಿ ಮಾರುವನು. ಹೊಳೆನರಸೀಪುರ, ಅರಕಲಗೂಡಿನ ಮೇಷ್ಟರ ಮನೆಗಳಿಗೂ ಅರ್ಚಕರ ಮನೆಗಳಿಗೂ ಅದೇ ಹಿಟ್ಟು ಹೋಗುತ್ತಿತ್ತು. ಅದು ದುದ್ದದ ದಲಿತರ ಕೇರಿಯಲ್ಲಿ ಆಗುವುದೆಂದು ಅಪ್ಪಾಜಿಗೆ ಗೊತ್ತು, ಸುಬ್ಬಮ್ಮನಿಗೆ ಗೊತ್ತು. ತಿನ್ನುವವರಿಗೆ ಗೊತ್ತಿಲ್ಲ.

ಮಾಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಪ್ಪಾಜಿ ಸ್ಕೂಟರ್ ಏರಿ ಶಾಂತಿಗ್ರಾಮ ದಾಟಿ ದುದ್ದಕ್ಕೇ ಬಂದುಬಿಟ್ಟ. ನೀರು ಕೊಟ್ಟರೆ ಎಂದಿನಂತೆ, "ಈಗ ತಾನೇ ಕುಡಿದೆ ಕಣಮ್ಮ" ಎಂದ. ಎಷ್ಟೋ ವರ್ಷಗಳಿಂದ ಆತ ಈಗ ತಾನೇ ಕುಡಿದೇ ಬರುತ್ತಿದ್ದ.

"ಮಳಿಗೆ ಇಡು, ಬೇಡ ಅನ್ನಲ್ಲ. ಆದ್ರೆ ನನ್ನ ಕವರ್‌ನಲ್ಲೇ ಇಡು. ಮುಂದೆ ನಿಂತ್ಕೊಳ್ಳೋಕೆ ನಮ್ಮ ಕಡೆಯ ಹುಡುಗಿ ಒಬ್ಬಳನ್ನ ಕಳಿಸ್ತೀನಿ. ನೀನು ಹಿಂದೆ ಇದ್ದು ನೋಡ್ಕೋ."

"ಇಂದೆ ಅಂದ್ರೆ ಎಲ್ಲಿ ಸಾವ್ಕಾರ್ರೇ? ಅದೇನು ಮನೆಯಾ, ಅಡುಗೆಕೋಣೆ ಇರಾಕೆ? ಸುತ್ತಾ ಜನವೇಯ!"

ಅಪ್ಪಾಜಿ ನಗಲಿಲ್ಲ. "ನಾನು ಅಂತೀನಾ ಸುಬ್ಬಮ್ಮ? ಜನ ಅಂತಾರೆ. ನಿನ್ನ ಹೆಸರು, ನಿನ್ನ ಕೇರಿ ಗೊತ್ತಾದ್ರೆ ನನ್ನ ಅಂಗಡೀಲೂ ಈ ಹಿಟ್ಟು ಓಡಲ್ಲ. ಆಮೇಲೆ ನಾನು ನಿನ್ನ ಹತ್ರ ತಗೊಳ್ಳೋದು ಹೇಗೆ, ನೀನೇ ಹೇಳು." ಅಷ್ಟು ಹೇಳಿ ಸ್ಕೂಟರ್ ಒದ್ದು ಹೊರಟೇಹೋದ. ಮಾತು ಮೆತ್ತಗೇ ಇತ್ತು, ಆದರೆ ಸುಬ್ಬಮ್ಮನ ಮೈ ಉರಿದುಹೋಯಿತು.

ಮನೆಯಲ್ಲಿ ಶುರುವಾಯಿತು ನೋಡಿ. ಗಂಡ ಲಕ್ಕಯ್ಯ ತಲೆಯ ಮೇಲೆ ಕೈ ಹೊತ್ತು ಕೂತ. "ಎಲ್ಡು ತಿಂಗ್ಳು ದರ್ಬಾರು. ಆಮೇಕೆ? ಮಾಲ್‌ನೋರು ಎತ್ಕಂಡೋಗು ಅಂತಾರೆ, ಅಪ್ಪಾಜಿ ಬಾಗ್ಲಾಕ್ಕತಾನೆ. ಇಟ್ಟು ಯಾರಿಗೆ ಮಾರ್ತೀಯ, ಕಾಗೆಗಾ?"

ಹಾಸನದಲ್ಲಿ ಬಿ.ಎಡ್. ಓದುತ್ತಿದ್ದ ಮಗಳು ತೇಜಶ್ರೀಗೆ ಸಿಟ್ಟು ಬಂತು. "ದಿನಾ ಬುದ್ಧನ ಪಟದ ಮುಂದೆ ಊದುಬತ್ತಿ ಹಚ್ತೀಯ. ಅವ್ವನ ಹೆಸರು ಹೇಳೋಕೆ ಹೆದರ್ತೀಯಲ್ಲಪ್ಪ!"

"ಊದ್‌ಬತ್ತಿ ಬ್ಯಾರೆ, ಒಟ್ಟೆ ಬ್ಯಾರೆ ಕಣವ್ವ."

ಸುಬ್ಬಮ್ಮ ಇಬ್ಬರ ಮಾತನ್ನೂ ತೂಗಿ ನೋಡಿದಳು. ಗಂಡ ಹೇಳಿದ್ದು ಸುಳ್ಳಲ್ಲ, ಮಗಳು ಹೇಳಿದ್ದೂ ಸುಳ್ಳಲ್ಲ. ಭಾನುವಾರ ಮಾಲಿನಲ್ಲಿ ಒಂದು ಮೇಜು ಹಾಕಿಕೊಡುತ್ತೇನೆ, ಜನಕ್ಕೆ ರುಚಿ ತೋರಿಸಿ, ಸಂಜೆಗೆ ನಿಮ್ಮ ತೀರ್ಮಾನ ಹೇಳಿ ಎಂದಿದ್ದ ಗಿರಿಧರ. ನೋಡೇಬಿಡೋಣ ಎಂದು ಮಗಳ ಮದುವೆಗೆಂದು ಎತ್ತಿಟ್ಟಿದ್ದ ಸೀರೆಯನ್ನೇ ಉಟ್ಟು ಹೊರಟಳು. ಬೈದುಕೊಂಡೇ ಲಕ್ಕಯ್ಯ ಮೂಟೆ ಹೊತ್ತ.

ಮೊದಲು ಬಂದವರು ಕನ್ನಡಕದ ಹಿರಿಯ ಹೆಂಗಸೊಬ್ಬರು. ಹೊಳೆನರಸೀಪುರದ ಅಗ್ರಹಾರದ ದಾಕ್ಷಾಯಣಮ್ಮ, ನಿವೃತ್ತ ಹೈಸ್ಕೂಲು ಟೀಚರು. ಅಗ್ರಹಾರದಲ್ಲಿ ಮಾತಾಡಿದರೆ ಊರ ಕೋಟೆಯವರೆಗೂ ಕೇಳುವ ಗಂಟಲು. ಅವರು ಅಂಗೈ ಚಾಚಿದರು. ಸುಬ್ಬಮ್ಮ ಚಮಚವನ್ನು ಒಂದು ಗೇಣು ಮೇಲಕ್ಕೆ ಎತ್ತಿ ಹಿಟ್ಟು ಸುರಿದಳು. ಬೇಕೆಂದು ಮಾಡಿದ್ದಲ್ಲ. ಮೇಲಿನವರಿಗೆ ಏನು ಕೊಟ್ಟರೂ ಮುಟ್ಟದೆ, ಎತ್ತರದಿಂದ ಕೊಡಬೇಕೆಂಬುದು ಚಿಕ್ಕಂದಿನಿಂದ ಆ ಕೈಗೆ ಅಂಟಿದ ಅಭ್ಯಾಸ. ಎಸಿಯ ಗಾಳಿಗೆ ಹಿಟ್ಟು ಹಾರಿ ಅರ್ಧಕ್ಕರ್ಧ ದಾಕ್ಷಾಯಣಮ್ಮನವರ ಕನ್ನಡಕದ ಮೇಲೆ ಕೂತಿತು.

"ಅವ್ವ, ಕೈ ಕೆಳಗಿಳಿಸು! ಇಲ್ಲಿ ಯಾರು ನಿನ್ನ ದೂರ ನಿಲ್ಲು ಅಂದ್ರು?" ಎಂದು ತೇಜಶ್ರೀ ಪಿಸುಗುಟ್ಟಿದಳು.

ಸುಬ್ಬಮ್ಮನಿಗೆ ತನ್ನ ಕೈಯ ಮೇಲೆಯೇ ಕೆಟ್ಟ ಕೋಪ ಬಂತು. ಥೂ, ಇದೇನು ನನ್ನ ಕೈಯೋ, ಊರಿನವರ ಕೈಯೋ! ಇನ್ನೊಂದು ಚಮಚ ತುಂಬಿ, ಆಕೆಯ ಅಂಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಗಾಳಿಗೆ ಎಡೆಯಿಲ್ಲದ ಹಾಗೆ ಹಿಟ್ಟು ಹಾಕಿದಳು.

ದಾಕ್ಷಾಯಣಮ್ಮ ಕನ್ನಡಕ ಒರೆಸಿಕೊಂಡು ನಗುತ್ತಲೇ ಬಾಯಿಗೆ ಹಾಕಿಕೊಂಡರು. ಕಣ್ಣು ಅರಳಿತು. "ಅಯ್ಯೋ, ಇದು ಅಪ್ಪಾಜಿ ಅಂಗಡೀದಲ್ವೇ! ಶನಿವಾರ ನಂದು ಒಪ್ಪೊತ್ತು, ರಾತ್ರಿ ಇದನ್ನೇ ಮಜ್ಜಿಗೆಗೆ ಕಲಸ್ಕೊಳ್ಳೋದು. ಇಂಥ ರುಚಿ ಮಡೀಲಿ ಮಾಡಿದ್ರೆ ಮಾತ್ರ ಬರೋದು ನೋಡು. ಯಾರಮ್ಮ ಇದನ್ನ ಮಾಡೋರು? ಯಾವ ಅಗ್ರಹಾರದವರು?"

ಹತ್ತಿರವೇ ನಿಂತಿದ್ದ ಗಿರಿಧರ ಕೆಮ್ಮಿದ. ಲಕ್ಕಯ್ಯ ಮೂಟೆಯ ಬಾಯಿಯನ್ನು ಸುಮ್ಮಸುಮ್ಮನೆ ಬಿಚ್ಚಿ ಕಟ್ಟತೊಡಗಿದ. ಅಪ್ಪಾಜಿಯವರದೇ ಎಂದುಬಿಟ್ಟರೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತಿತ್ತು. ಆದರೆ ಇಷ್ಟೊತ್ತು ಹೊಗಳಿಸಿಕೊಂಡದ್ದು ಸುಬ್ಬಮ್ಮನ ಕೈ. ಅದನ್ನು ಇನ್ನೊಬ್ಬರದು ಎನ್ನುವುದಕ್ಕೆ ನಾಲಿಗೆಯೇ ಏಳಲಿಲ್ಲ.

"ನಾನೇ ಮಾಡಾದು ಕಣಮ್ಮಾರೇ. ಅಗ್ರಾರ ಅಲ್ಲ, ದುದ್ದದ ದಲಿತ್ರ ಕೇರಿ. ನನ್ನೆಸ್ರು ಸುಬ್ಬಮ್ಮ. ಅಪ್ಪಾಜಿಗಳು ಕವರ್ ಆಕ್ತಾರೆ, ಅಷ್ಟೇಯ."

ದಾಕ್ಷಾಯಣಮ್ಮನವರ ನಗು ಅಲ್ಲೇ ನಿಂತಿತು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಮೆಟ್ಟಿಲಿನ ಮೇಲೆ ನಿಂತು ಮೇಲಕ್ಕೆ ಹೊರಟುಹೋದರು. "ಮುಗೀತು" ಎಂದ ಲಕ್ಕಯ್ಯ.

ಸುಬ್ಬಮ್ಮನಿಗೆ ಅವಮಾನವಾಗಬೇಕಿತ್ತು. ಆಗಲಿಲ್ಲ! ಇಷ್ಟು ವರ್ಷ ಆ ಮಹಾತಾಯಿಯ ಶನಿವಾರದ ಹೊಟ್ಟೆ ತುಂಬಿಸಿದವಳು ನಾನು, ಅನ್ನಪೂರ್ಣೇಶ್ವರಿಯಲ್ಲ, ಅಪ್ಪಾಜಿಯೂ ಅಲ್ಲ ಎನಿಸಿ ಎದೆ ಉಬ್ಬಿಹೋಯಿತು. ಸುತ್ತ ನಿಂತವರಲ್ಲಿ ಕೆಲವರು ಮಾತು ಕೇಳಿ ಮೆಲ್ಲಗೆ ಜಾರಿಕೊಂಡರು. ಉಳಿದವರು ಕೈ ಚಾಚಿದರು. ಸುಬ್ಬಮ್ಮ ಒಬ್ಬೊಬ್ಬರ ಕೈಯನ್ನೂ ಹಿಡಿದೇ ಹಾಕಿದಳು, ಕೇಳಿದವರಿಗೂ ಕೇಳದವರಿಗೂ ಹೆಸರು, ಕೇರಿ ಎರಡನ್ನೂ ಹೇಳಿದಳು. ಲಕ್ಕಯ್ಯ ಬೆವರು ಒರೆಸಿಕೊಂಡು ಮನೆಯಿಂದ ಇನ್ನೊಂದು ಮೂಟೆ ತರಲು ಆಟೋ ಸ್ಟ್ಯಾಂಡಿಗೆ ಓಡಿದ.

ಸಂಜೆ ಮೇಜು ಎತ್ತುವ ಹೊತ್ತಿಗೆ ದಾಕ್ಷಾಯಣಮ್ಮ ಇಳಿಯುವ ಮೆಟ್ಟಿಲಿನಲ್ಲಿ ಕಾಣಿಸಿಕೊಂಡರು. ಮುಂದೆ ಹೋದರು, ಬಟ್ಟೆಯಂಗಡಿಯ ಗಾಜು ನೋಡಿದರು, ಮತ್ತೆ ಹಿಂದಕ್ಕೆ ಬಂದರು. ಪಾಪ, ಜಗಳ ನಡೆಯುತ್ತಿದ್ದದ್ದು ಅವರ ನಾಲಿಗೆಗೂ ಅವರಿಗೂ. ಕೊನೆಗೆ ನಾಲಿಗೆಯೇ ಗೆದ್ದಿತು.

"ಎರಡು ತಿಂಗಳು ಮಾತ್ರ ಅಂತಾರಲ್ಲ. ಆಮೇಲೆ ಎಲ್ಲಿ ಸಿಗುತ್ತೆ?" ಎಂದು ಮೇಜನ್ನು ನೋಡುತ್ತಾ ಕೇಳಿದರು. ಅಷ್ಟು ದೊಡ್ಡ ಗಂಟಲು ಪಕ್ಕದವರಿಗೂ ಕೇಳಿಸದ ಹಾಗಿತ್ತು.

"ನಮ್ಮನೇಲಿ ಸಿಕ್ತದೆ. ದುದ್ದಕ್ಕೆ ಬನ್ನಿ."

"ನಿಮ್ಮ ಮನೆಗೇ?"

"ಊ ಕಣಮ್ಮಾರೇ, ನಮ್ಮನೆಗೇಯ. ಕುಡಿಯಾಕೆ ನೀರೂ ಕೊಡ್ತೀನಿ."

ದಾಕ್ಷಾಯಣಮ್ಮ ಚೀಲದ ಬಾಯಿ ಅಗಲಿಸಿ ಹಿಡಿದು, ದುದ್ದಕ್ಕೆ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಲಕ್ಕಯ್ಯನನ್ನು ಕೇಳಿದರು. ಲಕ್ಕಯ್ಯ ಅವಸರವಾಗಿ ಆ ಚೀಲಕ್ಕೆ ಹಿಟ್ಟು ತುಂಬತೊಡಗಿದ, ತೇಜಶ್ರೀಯೇ ಹೇಳಿದಳು.

ಅವರು ಹೋದ ಮೇಲೆ ಗಿರಿಧರ ಬಂದು, "ಏನಮ್ಮ ತೀರ್ಮಾನ? ಮಳಿಗೆ ಇಡ್ತೀರಾ?" ಎಂದ.

"ಇಡ್ತೀನಿ ಸಾ. ಬೋರ್ಡ್ ದೊಡ್ಡದಾಗಿ ಬರ್ಸಿ. ಸುಬ್ಬಮ್ಮನ ಉರಿಟ್ಟು, ದುದ್ದ, ಅಂತ. ಕೆಳಗೆ ನಮ್ಮನೆ ದಾರೀನೂ ಬರ್ಸಿ. ಎಲ್ಡು ತಿಂಗ್ಳು ನಾನು ಇವ್ರತ್ರಕ್ಕೆ ಬತ್ತೀನಿ. ಆಮೇಕೆ ಇವ್ರು ನಮ್ಮ ಕೇರಿಗೆ ಬರ್ಲಿ."